ಎದುರು ಓದುವವರಿಲ್ಲದೆ

ಮಾರ್ಚ್ ೪

ಪ್ರಿಯ ಅಳಿಲು,

ಇದು ಫೋನಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಮಾತು. ಆದರೆ ಇನ್ನು ಕೆಲವು ತಿಂಗಳು ನಾವಿಬ್ಬರೂ ಫೋನಿನಲ್ಲಿ ಮಾತನಾಡುವಂತಿಲ್ಲ, ಭೇಟಿಯಾಗುವಂತೆಯೂ ಇಲ್ಲ. ಅದನ್ನು ತಿಳಿಸುವುದಕ್ಕೇ ಈ ಕಾಗದ.

ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಕೆಸರುಕೊಳಗಳನ್ನು ಬರಿದು ಮಾಡಿ, ವಿಷ ಹಿಡಿದ ಮಣ್ಣನ್ನು ಅಗೆದು ದೂರ ಸಾಗಿಸಿ, ಆ ಜಾಗದಲ್ಲಿ ನೀರು ಶುದ್ಧೀಕರಿಸುವ ಘಟಕವೊಂದನ್ನು ಕಟ್ಟುವ ಕೆಲಸಕ್ಕೆ ನಮ್ಮ ಕಚೇರಿ ಟೆಂಡರ್ ಕರೆಯಲಿದೆ. ಕಚೇರಿಯ ಪರವಾಗಿ ಖರ್ಚಿನ ಅಂದಾಜು ತಯಾರಿಸುವ ಹೊಣೆ ನನ್ನದು. ನಿನ್ನ ಕಂಪನಿ ಟೆಂಡರ್ ಹಾಕುವುದು ಖಚಿತ. ಹಾಕಿದರೆ ದರ ಕಟ್ಟುವವನು ನೀನೇ. ಒಂದೇ ಕೆಲಸಕ್ಕೆ ಎರಡು ಕಡೆಯವರು ಪರಸ್ಪರ ಮುಖ ನೋಡದೆ ಬೆಲೆ ಕಟ್ಟಬೇಕೆಂಬುದು ಈ ಪದ್ಧತಿಯ ಬುನಾದಿ. ಒಬ್ಬರ ಅಂಕಿ ಇನ್ನೊಬ್ಬರ ಕಿವಿಗೆ ಬಿದ್ದರೆ ಎರಡೂ ಕೆಡುತ್ತವೆ.

ಗುತ್ತಿಗೆ ಕಂಪನಿಗಳಲ್ಲಿ ಸಂಬಂಧಿಕರಿದ್ದರೆ ಮೊದಲೇ ಬರೆದು ತಿಳಿಸಬೇಕು. ಪತ್ನಿಯ ತಮ್ಮ ಎಂದು ಬರೆದು ಕೊಟ್ಟೆ. ನಮ್ಮ ಮೇಲಧಿಕಾರಿ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ ಮನೆಯವರು ಹೋಗಿ ಎರಡು ವರ್ಷ ಆಯ್ತಲ್ವಾ? ಇನ್ನೂ ಇವರನ್ನ ಸಂಬಂಧಿ ಅಂತ ಬರೀಬೇಕಾ?" ಎಂದರು. ನಿಯಮಾವಳಿಯಲ್ಲಿ ಅದಕ್ಕೆ ಉತ್ತರವಿಲ್ಲ. ಬರೆಯಬೇಕು ಎಂದೆ.

ಮನೆಯ ವಿಷಯದ ಕಾಗದಗಳಿಗೆ ಅವರ ಅಡ್ಡಿಯಿಲ್ಲ. ಆದರೆ ಹೋದದ್ದರ, ಬಂದದ್ದರ ಪ್ರತಿಗಳು ಕಡತದಲ್ಲಿರಬೇಕು, ಅವರು ಓದುತ್ತಾರೆ. ಗುತ್ತಿಗೆಗೆ ಸಹಿ ಬೀಳುವವರೆಗೆ ಹೀಗೆ.

ಇತಿ,
ನಿನ್ನ ಭಾವ

---

ಮಾರ್ಚ್ ೧೩

ಪೂಜ್ಯ ಭಾವನವರಿಗೆ ನಮಸ್ಕಾರ. ಈ ಕಾಗದವನ್ನು ಓದುತ್ತಿರುವ ಮೇಡಂ ಅವರಿಗೂ ನಮಸ್ಕಾರ.

ಮೇಡಂ, ನನ್ನ ಪರಿಚಯ ಹೇಳಿಬಿಡುತ್ತೇನೆ. ಅಕ್ಕನಿಗೂ ನನಗೂ ಹತ್ತು ವರ್ಷದ ಅಂತರ. ಒಂದು ಕಡೆ ಕೂತವನಲ್ಲ ಎಂದು ಅವಳು ಅಳಿಲು ಎಂದು ಹೆಸರಿಟ್ಟಳು. ಈಗ ನಲವತ್ತು ದಾಟಿ, ತಲೆಯ ಮೇಲಿನ ಕೂದಲು ಹೊಟ್ಟೆಗೆ ಜಾಗ ಬಿಟ್ಟುಕೊಟ್ಟ ಮೇಲೂ ಭಾವ ಅದೇ ಹೆಸರಿನಿಂದ ಕರೆಯುತ್ತಾರೆ. ನಮ್ಮ ಕಂಪನಿಯವರ ಮುಂದೆ ದಯವಿಟ್ಟು ಇದನ್ನು ಹೇಳಬೇಡಿ. ಆಮೇಲೆ ನಾವು ಹಾಕುವ ಟೆಂಡರನ್ನೂ ಅಳಿಲು ಸೇವೆ ಎಂದು ನಕ್ಕಾರು.

ಭಾವ, ನಿಮ್ಮ ಕಾಗದವನ್ನು ನನ್ನವಳಿಗೆ ಓದಿ ಹೇಳಿದೆ. "ಸಂಬಂಧ ಇದೆ ಅಂತ ಬರೆದುಕೊಟ್ಟು ಮಾತು ಬಿಟ್ರಾ? ಇಲ್ಲ ಅಂತ ಬರೆದಿದ್ರೆ ಊಟಕ್ಕಾದ್ರೂ ಬರಬಹುದಿತ್ತಲ್ಲ" ಎಂದಳು. ಶಾಲೆಯಲ್ಲಿ ಪಾಠ ಹೇಳುವವಳು, ತರ್ಕಕ್ಕೆ ನಿಂತರೆ ಗೆಲ್ಲುವುದು ಕಷ್ಟ.

ನಿಮ್ಮ ಊಟದ ಮೇಜು ನೆನಪಾಯಿತು. ಪಾಲಿಟೆಕ್ನಿಕ್ ಮುಗಿಸಿ ಬಂದವನಿಗೆ ಅಂದಾಜು ಕಟ್ಟುವುದನ್ನು ನೀವು ಕಲಿಸಿದ್ದು ಅಲ್ಲೇ. ಎದುರು ಓದದ ಅಂದಾಜು ಹೊಸಿಲು ದಾಟಬಾರದು ಎನ್ನುತ್ತಿದ್ದಿರಿ. ಅಕ್ಕ ಒಂದು ಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು, ನೀವು ಇನ್ನೊಂದು ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಿರಿ. ಅವಳಿಗೆ ಘನಮೀಟರ್ ಎಂದರೇನೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. "ಇಷ್ಟೊಂದು ಸಿಮೆಂಟು ಯಾರಪ್ಪನ ಮನೆಗೆ?" ಎಂದು ನಡುವೆ ಕೇಳುತ್ತಿದ್ದಳು. ನೀವು ಪೆನ್ಸಿಲ್ ಎತ್ತಿ ಹಿಡಿದು ಕಾಯುತ್ತಿದ್ದಿರಿ. ಒಂದೆರಡು ಸಲ ಆ ಸಿಮೆಂಟು ನಿಜವಾಗಿಯೂ ಹೆಚ್ಚಾಗಿತ್ತು.

ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ? ನೀರಿನ ಪಂಪು ರಿಪೇರಿ ಆಯಿತೇ? ಮೊಣಕಾಲು ಹೇಗಿದೆ? ಈಗ ನಿಮಗೆ ಎದುರು ಓದುವವರು ಯಾರು?

ನಿಮ್ಮ,
ಅಳಿಲು

---

ಏಪ್ರಿಲ್ ೨

ಪ್ರಿಯ ಅಳಿಲು,

ನಿನ್ನ ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರಿಸುತ್ತೇನೆ. ಬೆಳಿಗ್ಗೆ ಮಾಡಿದ ಅಡುಗೆಯೇ ರಾತ್ರಿಗೂ ಆಗುತ್ತದೆ. ಪಂಪು ಸರಿಯಾಗಿದೆ. ಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ, ಹತ್ತುವಾಗ ಇಲ್ಲ. ನಾಲ್ಕನೆಯ ಪ್ರಶ್ನೆ ಕಚೇರಿಯ ಕೆಲಸಕ್ಕೆ ಸಂಬಂಧಿಸಿದ್ದು. ಅದಕ್ಕೆ ಉತ್ತರಿಸುವುದು ಸರಿಯಲ್ಲ.

ಮನೆಯಲ್ಲಿ ವಿಶೇಷವೇನೂ ಇಲ್ಲ. ಹಿಂದಿನ ಕೋಣೆಯ ಕಿಟಕಿಯ ಚೌಕಟ್ಟು ಸೆಟೆದುಕೊಂಡಿದೆ, ಬಡಗಿಯನ್ನು ಕರೆಸಬೇಕು. ಊಟದ ಮೇಜನ್ನು ಗೋಡೆಗೆ ಸರಿಸಿದ್ದೇನೆ. ಒಬ್ಬರಿಗೆ ಒಂದು ಬದಿ ಸಾಕಾಗುತ್ತದೆ, ಓಡಾಡಲು ಜಾಗವೂ ಸಿಗುತ್ತದೆ. ಅಳೆದು ನೋಡಿದೆ, ಮೂರು ಅಡಿಗಿಂತ ಸ್ವಲ್ಪ ಹೆಚ್ಚೇ ಉಳಿದಿದೆ. ಓಡಾಡುವವರು ಇಲ್ಲ ಎಂಬುದು ಸರಿಸಿದ ಮೇಲೆ ಹೊಳೆಯಿತು.

ಮೊನ್ನೆ ರಜೆಯ ದಿನ ಹಾಲಿನವನಿಗೆ ಚಿಲ್ಲರೆ ಇಲ್ಲವೆಂದು ಹೇಳಿದೆ. ಸಂಜೆ ಮೇಲಿನ ಮನೆಯ ಮಗು ಮೆಟ್ಟಿಲಲ್ಲಿ ಜಾರಿದಾಗ, ಪೆಟ್ಟಾಗಿಲ್ಲ ಎದ್ದೇಳು ಎಂದೆ. ನಡುವೆ ಬೇರೆ ಮಾತೇ ಆಡಿರಲಿಲ್ಲವಾದ್ದರಿಂದ ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಮಗು ಹೆದರಿ ಅಳತೊಡಗಿತು.

ಕಳೆದ ಕಾಗದಗಳ ಪ್ರತಿಗಳನ್ನು ಮೇಡಂ ಓದಿ ಹಿಂದಿರುಗಿಸಿದರು. "ನಿಮ್ಮ ಕಾಗದದಲ್ಲಿ ಏನೂ ಇಲ್ವಲ್ಲ" ಎಂದರು. ಆಕ್ಷೇಪಾರ್ಹವಾದದ್ದು ಏನೂ ಇಲ್ಲ ಎಂಬ ಅರ್ಥದಲ್ಲಿ ಹೇಳಿದರೆಂದು ಭಾವಿಸಿ ಕಡತಕ್ಕೆ ಸೇರಿಸಿದೆ.

ಇತಿ,
ನಿನ್ನ ಭಾವ

---

ಏಪ್ರಿಲ್ ೨೨

ಭಾವನವರಿಗೆ, ಮತ್ತು ಮೇಡಂ ಅವರಿಗೆ,

ಕೆಲಸದ ಜಾಗವನ್ನು ಕಂಪನಿಗಳವರಿಗೆಲ್ಲ ಒಟ್ಟಿಗೆ ತೋರಿಸಿದ ದಿನದ ಬಗ್ಗೆ ಬರೆಯುತ್ತೇನೆ. ನಾಲ್ಕು ಕಂಪನಿಯವರೂ ಕಚೇರಿಯವರೂ ಅಲ್ಲಿದ್ದರು, ಇದರಲ್ಲಿ ಗುಟ್ಟೇನಿಲ್ಲ. ನಮಗೆಲ್ಲ ರಬ್ಬರ್ ಬೂಟು, ಮೂಗಿಗೆ ಮುಸುಕು. ಕೊಳದ ಕೆಸರು ಒಂದು ಕಡೆ ನೇರಳೆ, ಇನ್ನೊಂದು ಕಡೆ ತುಕ್ಕಿನ ಬಣ್ಣ. ಪಕ್ಕದ ಕಂಪನಿಯ ಮುದುಕ ಅಂದಾಜುಗಾರ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲಪ್ಪ. ಈ ಕೆಸರಿಗೆ ಕೈ ಹಾಕಿದ್ರೆ ಮೊಸರು ತಿನ್ನೋಕೆ ಕೈಯೇ ಇರಲ್ಲ" ಎಂದ. ಎಲ್ಲರೂ ನಕ್ಕೆವು. ಮುಸುಕಿನೊಳಗೆ ನಕ್ಕರೆ ಕನ್ನಡಕಕ್ಕೆ ಹಬೆ ಹತ್ತುತ್ತದೆ.

ಹಬೆ ಒರೆಸಿಕೊಂಡಾಗ ಕೊಳದ ಆಚೆ ದಡದಲ್ಲಿ ನೀವು ಕಂಡಿರಿ. ಮುಸುಕಿದ್ದರೇನು, ಹಾಳೆಯನ್ನು ಎದೆಗೆ ಅಷ್ಟು ಹತ್ತಿರ ಹಿಡಿಯುವವರು ಬೇರೆ ಯಾರಿದ್ದಾರೆ? ನಾನು ಕೈ ಎತ್ತಿದೆ. ನೀವು ನೋಡಿದಿರಿ. ನೋಡಿ, ಹಾಳೆಯ ಕಡೆಗೆ ಕಣ್ಣು ತಿರುಗಿಸಿದಿರಿ.

ಎತ್ತಿದ ಕೈಯನ್ನು ಏನು ಮಾಡುವುದು? ತಲೆ ಕೆರೆದುಕೊಂಡೆ. ತಲೆಯ ಮೇಲೆ ಹೆಲ್ಮೆಟ್ ಇತ್ತು.

ಕೈ ಎತ್ತುವುದೂ ಸಂಪರ್ಕವೇ, ಮೇಡಂ? ನಿಯಮಾವಳಿಯ ಯಾವ ಪುಟದಲ್ಲಿದೆ?

ನಿಮ್ಮ,
ಅಳಿಲು

---

ಮೇ ೩

ಪ್ರಿಯ ಅಳಿಲು,

ನೀನು ಕೈ ಎತ್ತಿದ್ದನ್ನು ನೋಡಿದೆ. ಕೈ ಎತ್ತುವುದು ನಿಯಮಬಾಹಿರವಲ್ಲವೆಂದು ಮೇಡಂ ನಿನಗೆ ತಿಳಿಸಲು ಹೇಳಿದ್ದಾರೆ. ನಾನು ಎತ್ತದಿದ್ದುದಕ್ಕೆ ಕಾರಣ, ಎತ್ತಿದ್ದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಕೊಳ ಸುತ್ತಿಕೊಂಡು ನಿನ್ನ ಕಡೆಗೆ ಬರುತ್ತಿದ್ದೆ. ಉಳಿದ ಮೂರು ಕಂಪನಿಯವರು ನೋಡುತ್ತಿದ್ದರು.

ನಿನ್ನ ಬೂಟು ಅಳತೆಗಿಂತ ದೊಡ್ಡದಿತ್ತು. ನೀನು ಹೊಟ್ಟೆ ಬಂದಿದೆ ಎಂದು ಬರೆದಿದ್ದೆ. ನನಗೆ ತೆಳ್ಳಗಾದಂತೆ ಕಂಡೆ.

ಅಂದಾಜನ್ನು ನಿನ್ನೆ ಮುಗಿಸಿ, ಮೊಹರು ಮಾಡಿ ಒಪ್ಪಿಸಿದೆ. ಹಿಂದೆಲ್ಲ ಒಪ್ಪಿಸಿದ ದಿನ ನಿನ್ನ ಅಕ್ಕ ಅಂಗಳಕ್ಕೆ ಕುರ್ಚಿ ಹಾಕಿಸಿ, ಇವತ್ತು ನೀವು ಯಾವುದನ್ನೂ ಎಣಿಸಕೂಡದು ಎಂದು ಅಪ್ಪಣೆ ಮಾಡುತ್ತಿದ್ದಳು. ನಿನ್ನೆ ಕುರ್ಚಿ ಹಾಕಿಕೊಂಡು ಕೂತೆ. ಎದುರು ಮನೆಯ ಗೋಡೆಯ ಇಟ್ಟಿಗೆ ಸಾಲುಗಳನ್ನು ಎಣಿಸಿದೆ.

ಇತಿ,
ನಿನ್ನ ಭಾವ

---

ಮೇ ೨೪

ಭಾವನವರಿಗೆ, ಮೇಡಂ ಅವರಿಗೆ,

ಟೆಂಡರ್ ತೆರೆದ ದಿನ ಸಭಾಂಗಣದಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದ್ದನ್ನೇ ಬರೆಯುತ್ತಿದ್ದೇನೆ, ಆದ್ದರಿಂದ ತಪ್ಪಾಗಲಾರದು.

ನಾನು ಕೊನೆಯ ಸಾಲಿನ ಬೆಂಚಿನಲ್ಲಿದ್ದೆ, ನೀವು ಮುಂದೆ ಮೇಜಿನ ಪಕ್ಕದ ಸ್ಟೂಲಿನಲ್ಲಿ. ನಾಲ್ಕು ಲಕೋಟೆ ಒಡೆದರು. ನಮ್ಮ ದರ ಎಲ್ಲರಿಗಿಂತ ಕಡಿಮೆ. ನಮ್ಮ ಧಣಿ ನನ್ನ ಬೆನ್ನು ತಟ್ಟಿದ. ಕೊನೆಗೆ ಕಚೇರಿಯ ಅಂದಾಜನ್ನು ಒಡೆದು ಓದಿದರು. ಉಳಿದ ಮೂವರ ದರವೂ ಅದರ ಅಕ್ಕಪಕ್ಕವೇ ಕೂತಿತ್ತು. ನಾನೊಬ್ಬನೇ ದೂರ, ಐದರಲ್ಲಿ ಒಂದು ಪಾಲಿನಷ್ಟು ಕೆಳಗೆ. ಬೆನ್ನ ಮೇಲಿದ್ದ ಕೈ ಅಲ್ಲೇ ನಿಂತಿತು. "ಗೆದ್ವಿ ಅನ್ನೋದೋ, ಮುಳುಗಿದ್ವಿ ಅನ್ನೋದೋ?" ಎಂದು ಧಣಿ ಕಿವಿಯಲ್ಲಿ ಕೇಳಿದ. ಆ ದರಕ್ಕೆ ಕೆಲಸ ಹಿಡಿದು ಅರ್ಧದಲ್ಲಿ ಕೈಸುಟ್ಟುಕೊಂಡರೆ ನಮ್ಮಂಥ ಸಣ್ಣ ಕಂಪನಿ ಬಾಗಿಲು ಹಾಕಬೇಕಾಗುತ್ತದೆ. ಹಾಕುವ ಮೊದಲು ನನ್ನನ್ನು ಹೊರಗೆ ಹಾಕುತ್ತದೆ.

ಕೆಸರಿನ ಬಗ್ಗೆ ತಮಾಷೆ ಮಾಡಿದ್ದ ಮುದುಕ ಹೊರಗೆ ಹೋಗುವಾಗ ನನ್ನ ಭುಜ ಮುಟ್ಟಿದ. ಸತ್ತವರ ಮನೆಯಲ್ಲಿ ಮುಟ್ಟುತ್ತಾರಲ್ಲ, ಹಾಗೆ.

ಓದು ಮುಗಿದಾಗ ನೀವು ಒಮ್ಮೆ ತಿರುಗಿ ನೋಡಿದಿರಿ. ಏನು ನೋಡಿದಿರಿ, ಭಾವ?

ಅಳಿಲು

---

ಮೇ ೨೮

ಪ್ರಿಯ ಅಳಿಲು,

ಕಾಗದ ತಲುಪಿತು. ಅದರಲ್ಲಿರುವುದಕ್ಕೆ ಉತ್ತರ ಬರೆಯುವಂತಿಲ್ಲ. ಆರೋಗ್ಯವಾಗಿದ್ದೇನೆ. ಬಡಗಿ ಬಂದು ಕಿಟಕಿ ಸರಿಮಾಡಿದ.

ಇತಿ,
ನಿನ್ನ ಭಾವ

---

ಜೂನ್ ೩

ಭಾವ,

ನಿಮ್ಮ ಕಚೇರಿಯಿಂದ ನಮ್ಮ ಕಂಪನಿಗೆ ಪತ್ರ ಬಂದಿದೆ. "ತಾವು ನಮೂದಿಸಿರುವ ದರವನ್ನು ಮರುಪರಿಶೀಲಿಸಿ, ಅದೇ ದರದಲ್ಲಿ ಕಾಮಗಾರಿಯನ್ನು ಪೂರ್ಣಗೊಳಿಸುವಿರಾ ಎಂಬುದನ್ನು ವಾರದೊಳಗೆ ದೃಢಪಡಿಸತಕ್ಕದ್ದು." ಸಹಿ ಮೇಡಂ ಅವರದು. ವಾಕ್ಯ ನಿಮ್ಮದು. ನಿಮ್ಮ ವಾಕ್ಯವನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ, ಎಲ್ಲಿಯೂ ಬಿರುಕು ಬಿಟ್ಟಿರುವುದಿಲ್ಲ.

ವಾರವಿಡೀ ನನ್ನ ಹಾಳೆಗಳನ್ನು ಕೆದಕಿದೆ. ಗುಡ್ಡ ಅಗೆದರೆ ಇಲಿಯಾದರೂ ಸಿಗಬೇಕು, ಅದೂ ಸಿಗಲಿಲ್ಲ. ಅಗೆತ, ಸಾಗಣೆ, ಕಾಂಕ್ರೀಟು, ಎಲ್ಲ ನೀವು ಕಲಿಸಿದ ಹಾಗೇ ಇದೆ. ಆದರೂ ನಿಮ್ಮ ಅಂಕಿ ಅಲ್ಲಿದೆ, ನನ್ನದು ಇಲ್ಲಿದೆ. ಎರಡರಲ್ಲಿ ಒಂದು ತಪ್ಪಿರಬೇಕು. ಹಾಗಿದ್ದ ಮೇಲೆ ಯಾವುದು ತಪ್ಪೆಂದು ಹುಡುಕುವ ಅಗತ್ಯವಾದರೂ ಏನು?

"ತಪ್ಪು ಸಿಗಲಿಲ್ಲ ಅಂದ್ರೆ ತಪ್ಪಿಲ್ಲ ಅಂತ ಅರ್ಥ ಅಲ್ವಾ? ನಿಮ್ಮ ಭಾವನ ತಲೆ ಏನು ಅಳತೆಗೋಲಾ?" ಎಂದು ನನ್ನವಳು ರೇಗಿದಳು. ಹೌದು ಎಂದೆ. ಅಷ್ಟೇ ನಮ್ಮ ಜಗಳ.

ಟೆಂಡರ್ ಹಿಂತೆಗೆದುಕೊಳ್ಳೋಣವೆಂದು ಇವತ್ತು ಧಣಿಗೆ ಹೇಳಿದೆ. ಇಟ್ಟ ಠೇವಣಿ ಹೋಗುತ್ತದೆ, ಕಂಪನಿ ಉಳಿಯುತ್ತದೆ. ಧಣಿ, "ನಿನ್ನ ದರವನ್ನ ನೀನೇ ನಂಬೋದಿಲ್ಲ ಅಂದ್ರೆ ನಿನಗೆ ಸಂಬಳ ಯಾಕಪ್ಪ ಕೊಡಲಿ?" ಎಂದು ಕೇಳಿದ. ಆದರೂ ಹಿಂತೆಗೆತದ ಪತ್ರಕ್ಕೆ ಸಹಿ ಹಾಕಿದ. ನಾಳೆ ಬೆಳಿಗ್ಗೆ ಕಚೇರಿ ಬಾಗಿಲು ತೆರೆದ ಕೂಡಲೇ ಪತ್ರ ಮುಟ್ಟಿಸುತ್ತಾರೆ. ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಆದ್ದರಿಂದ ನಿಯಮ ಮುರಿದ ಹಾಗಾಗಲಿಲ್ಲ.

ಮೇಡಂ, ಇವತ್ತು ತಮಗೆ ನಮಸ್ಕಾರ ಹೇಳುವುದನ್ನು ಮರೆತಿದ್ದೆ.

ಅಳಿಲು

---

ಜೂನ್ ೪

ಮೇಲಧಿಕಾರಿಯವರಿಗೆ,

ವಿಷಯ: ಬಣ್ಣದ ಕಾರ್ಖಾನೆ ಕಾಮಗಾರಿಯ ಅಂದಾಜಿನಲ್ಲಿರುವ ದೋಷ

ಮಾನ್ಯರೇ,

ಅತಿ ಕಡಿಮೆ ದರ ನಮೂದಿಸಿದ ಕಂಪನಿಯ ಲೆಕ್ಕದಲ್ಲಿ ಎಲ್ಲಿ ತಪ್ಪಿರಬಹುದೆಂದು ಊಹಿಸಲು ಹತ್ತು ದಿನಗಳಿಂದ ಯತ್ನಿಸುತ್ತಿದ್ದೆ. ಸಾಧ್ಯವಾಗದೆ, ನನ್ನ ಅಂದಾಜನ್ನೇ ಒಮ್ಮೆ ಬೇರೊಬ್ಬರ ದನಿಯಲ್ಲಿ ಕೇಳಬೇಕೆನಿಸಿ, ನಿನ್ನೆ ಸಂಜೆ ತಮ್ಮನ್ನು ಕೋರಿದೆ. ತಾವು ಸಹನೆಯಿಂದ ಎದುರು ಕೂತು ಓದಿದಿರಿ.

ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ. ನೆಲದಲ್ಲಿ ನಾಲ್ಕು ಬುಟ್ಟಿಯಷ್ಟಿದ್ದದ್ದು ಮೇಲೆ ಬಂದಾಗ ಐದು ಬುಟ್ಟಿಯಾಗುತ್ತದೆ. ಸಾಗಣೆಗೂ ವಿಲೇವಾರಿಗೂ ಆ ಉಬ್ಬನ್ನು ಒಮ್ಮೆ ಸೇರಿಸಬೇಕು. ನಾನು ಅದನ್ನು ಪರಿಮಾಣದ ಹಾಳೆಯಲ್ಲಿ ಸೇರಿಸಿ, ದರದ ಹಾಳೆಯಲ್ಲಿ ಮತ್ತೊಮ್ಮೆ ಸೇರಿಸಿದ್ದೇನೆ. ಎರಡೂ ಹಾಳೆಗಳು ಬಿಡಿಬಿಡಿಯಾಗಿ ಸರಿಯಾಗಿಯೇ ಇವೆ. ಒಂದರ ಬೆನ್ನಿಗೆ ಒಂದನ್ನು ಇನ್ನೊಬ್ಬರು ಓದುವುದನ್ನು ಕೇಳಿದಾಗ ಮಾತ್ರ ತಪ್ಪು ಕಿವಿಗೆ ಬೀಳುತ್ತದೆ. ಈ ಕಾಮಗಾರಿಯಲ್ಲಿ ಖರ್ಚಿನ ಬಹುಪಾಲು ಸಾಗಣೆ, ವಿಲೇವಾರಿಗಳದೇ ಆದ್ದರಿಂದ ಒಟ್ಟು ಮೊತ್ತ ಗಣನೀಯವಾಗಿ ಉಬ್ಬಿದೆ. ತಿದ್ದಿದರೆ, ನಾವು ದೃಢೀಕರಣ ಕೇಳಿದ ಕಂಪನಿಯ ದರಕ್ಕೂ ನಮ್ಮ ಅಂದಾಜಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಉಳಿದ ಮೂವರು ಕೆಸರಿನ ಭಯಕ್ಕೂ ಬೆಲೆ ಕಟ್ಟಿಕೊಂಡಿದ್ದರೆಂದು ತೋರುತ್ತದೆ.

ನನ್ನ ಅಂದಾಜುಗಳನ್ನು ಎದುರು ಓದುತ್ತಿದ್ದವರು ನನ್ನ ಪತ್ನಿ. ಅವರು ತೀರಿಹೋದ ಮೇಲೆ ಓದುವವನೂ ನಾನೇ, ಗುರುತು ಹಾಕುವವನೂ ನಾನೇ. ಹೀಗೆ ಮಾಡಿದಾಗ ಕಣ್ಣು ನಂಬಿದ್ದನ್ನೇ ನಾಲಗೆ ಹೇಳುತ್ತದೆ. ಇದು ಸಮರ್ಥನೆಯಲ್ಲ, ವಿವರಣೆ.

ಇನ್ನೊಂದು ಸಂಗತಿಯನ್ನೂ ನಮೂದಿಸಬೇಕು. ನಿನ್ನೆ ಆ ಸಾಲನ್ನು ತಾವು ಓದಿದ ಕ್ಷಣದಲ್ಲೇ ನನಗೆ ತಿಳಿಯಿತು. ತಮಗೆ ತಿಳಿಯಲಿಲ್ಲ, ತಾವು ಮುಂದಿನ ಹಾಳೆಗೆ ಹೋದಿರಿ. ನಾನು ಕೊನೆಯ ಹಾಳೆಯವರೆಗೂ ಕೇಳಿಸಿಕೊಂಡು, ವಂದಿಸಿ, ಮನೆಗೆ ಹೋದೆ. ಹೇಳದೆ ಹೋದದ್ದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ.

ಬೆಳಿಗ್ಗೆ ಈ ವರದಿಯನ್ನು ಬರೆದು ತಂದಾಗ ತಮ್ಮ ಮೇಜಿನ ಮೇಲೆ ಆ ಕಂಪನಿಯ ಹಿಂತೆಗೆತದ ಪತ್ರವಿತ್ತು, ಸ್ವೀಕೃತಿಯ ಮೊಹರು ಬಿದ್ದಿತ್ತು.

ತಮ್ಮ ವಿಧೇಯ,
ಅಂದಾಜು ವಿಭಾಗದ ಇಂಜಿನಿಯರ್

---

ಜೂನ್ ೧೦

ಅಂದಾಜು ವಿಭಾಗದ ಇಂಜಿನಿಯರ್ ಅವರಿಗೆ,

ತಮ್ಮ ವರದಿಯನ್ನು ಸಮಿತಿ ಪರಿಶೀಲಿಸಿದೆ. ದೋಷವನ್ನು ಒಪ್ಪಿ ಅಂದಾಜನ್ನು ತಿದ್ದಲಾಗಿದೆ. ಸ್ವೀಕರಿಸಿದ ಹಿಂತೆಗೆತವನ್ನು ರದ್ದುಪಡಿಸಿದರೆ ಉಳಿದ ಮೂವರಿಗೆ ಅನ್ಯಾಯವಾಗುವುದರಿಂದ ಅದು ಹಾಗೆಯೇ ನಿಲ್ಲುತ್ತದೆ. ನಮ್ಮ ತಪ್ಪಿನಿಂದ ಹಿಂತೆಗೆದುಕೊಂಡ ಕಾರಣ ಕಂಪನಿಯ ಠೇವಣಿಯನ್ನು ಹಿಂದಿರುಗಿಸಲಾಗುವುದು. ತಮ್ಮನ್ನು ಈ ಕಾಮಗಾರಿಯಿಂದ ಬಿಡುಗಡೆ ಮಾಡಲಾಗಿದೆ. ಆದಕಾರಣ ಸಂಪರ್ಕದ ನಿರ್ಬಂಧವೂ ತಮಗೆ ಅನ್ವಯಿಸುವುದಿಲ್ಲ.

ಮೇಲಧಿಕಾರಿ

ಇದು ಕಡತಕ್ಕಲ್ಲ, ಕೈಬರಹದಲ್ಲಿ ಸೇರಿಸುತ್ತಿದ್ದೇನೆ. ಆ ಸಂಜೆ ನೀವು ಒಂದು ಮಾತು ಹೇಳಿದ್ದರೆ ನಾನು ಅಲ್ಲೇ ಫೋನ್ ಎತ್ತಿ ಕಂಪನಿಯವರಿಗೆ ತಡೆಯಿರಿ ಎನ್ನುತ್ತಿದ್ದೆ. ಇದು ನಿಮಗೂ ಗೊತ್ತಿದೆ, ಆದರೂ ಯಾರಾದರೂ ಹೇಳಬೇಕು. ನಿಮ್ಮ ಭಾವಮೈದುನ ಪ್ರತಿ ಸಲ ನನಗೂ ನಮಸ್ಕಾರ ಹೇಳಿದ್ದಾರೆ. ಉತ್ತರ ಬರೆಯುವಂತಿರಲಿಲ್ಲ. ಇನ್ನು ಮುಂದೆ ನಿಮ್ಮ ಕಾಗದಗಳ ಪ್ರತಿ ನನಗೆ ಕೊಡಬೇಡಿ.

---

ಜೂನ್ ೧೨

ಪ್ರಿಯ ಅಳಿಲು,

ಇದರ ಪ್ರತಿ ಎಲ್ಲಿಗೂ ಹೋಗುವುದಿಲ್ಲ.

ನಿನ್ನ ದರ ಸರಿಯಾಗಿತ್ತು. ತಪ್ಪು ನನ್ನದು. ಅಗೆದ ಮಣ್ಣಿನ ಉಬ್ಬನ್ನು ಎರಡು ಸಲ ಹಿಡಿದಿದ್ದೆ. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಪ್ಪು ಮಾಡಿದಾಗ ನಾನು ನಿನಗೆ ಬಯ್ದದ್ದು ನೆನಪಿದೆ. ನಿನ್ನ ಕಂಪನಿಯ ಹಿಂತೆಗೆತದ ಪತ್ರ ಬರುವ ಹಿಂದಿನ ಸಂಜೆಯೇ ನನಗೆ ಇದು ತಿಳಿದಿತ್ತು. ಮೂವತ್ತು ವರ್ಷದಿಂದ ಕಚೇರಿಯಲ್ಲಿ ನನ್ನ ಅಂಕಿಗಳನ್ನು ಯಾರೂ ಪ್ರಶ್ನಿಸಿಲ್ಲ. ಪ್ರಶ್ನಿಸದೆ ಉಳಿಯಲೆಂದು ಒಂದು ರಾತ್ರಿಯ ಮಟ್ಟಿಗೆ ಬಯಸಿದೆ. ಬೆಳಗಾದ ಮೇಲೆ ಬಯಸಲಿಲ್ಲ. ಆದರೆ ನಿನ್ನ ಕೆಲಸ ಹೋದದ್ದು ಆ ಒಂದು ರಾತ್ರಿಯಲ್ಲಿ.

ನಿನ್ನ ಧಣಿಯನ್ನು ಕಂಡು ಎಲ್ಲವನ್ನೂ ಹೇಳಿದೆ. ಲಿಖಿತವಾಗಿಯೂ ಕೊಟ್ಟೆ. ಅವರು ಓದಿ, "ದರ ಸರಿ ಇತ್ತು ಅಂತ ಈಗ ಗೊತ್ತಾಗಿ ಏನುಪಯೋಗ ಸಾರ್? ಕಟ್ಟಿದವನೇ ಕೈಬಿಟ್ಟನಲ್ಲ" ಎಂದರು. ನಿನ್ನ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು.

ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ನಿನ್ನನ್ನು ನೋಡಲು ಬರಬೇಕೆಂದಿದ್ದೇನೆ. ಅಡ್ಡಿಯಿಲ್ಲವೆಂದರೆ ಬರುತ್ತೇನೆ.

ಇತಿ,
ನಿನ್ನ ಭಾವ

---

ಜುಲೈ ೧

ಪ್ರಿಯ ಅಳಿಲು,

ಹಿಂದಿನ ಕಾಗದಕ್ಕೆ ಉತ್ತರ ಬಂದಿಲ್ಲ. ವಿಳಾಸ ಸರಿಯಾಗಿ ಬರೆದಿದ್ದೆನೆಂದು ನಂಬಿದ್ದೇನೆ.

ಕಚೇರಿಯಲ್ಲಿ ನನಗೆ ಈಗ ಬಸ್ ನಿಲ್ದಾಣದ ಚಾವಣಿಗಳ ದುರಸ್ತಿಯ ಕೆಲಸ ಕೊಟ್ಟಿದ್ದಾರೆ. ಮೇಜನ್ನು ಮೂಲೆಗೆ ಹಾಕಿದ್ದಾರೆ, ಬೆಳಕು ಚೆನ್ನಾಗಿದೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಉಳಿದವರು ಸುಮ್ಮನಾಗುತ್ತಾರೆ. ಬಯ್ದರೆ ಸುಲಭವಾಗುತ್ತಿತ್ತು. ಯಾರೂ ಬಯ್ಯುವುದಿಲ್ಲ, ದಾರಿ ಬಿಡುತ್ತಾರೆ.

ಬಣ್ಣದ ಕಾರ್ಖಾನೆಯ ಕೆಲಸ ಎರಡನೆಯ ಕಂಪನಿಗೆ ಹೋಯಿತು. ಮೊದಲ ಲಾರಿ ಹೊರಟಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ.

ಇತಿ,
ನಿನ್ನ ಭಾವ

---

ಜುಲೈ ೧೯

ಭಾವ,

ವಿಳಾಸ ಸರಿಯಾಗಿಯೇ ಇದೆ. ಫೋನೂ ಹಾಳಾಗಿಲ್ಲ. ನಾನೇ ಎತ್ತಲಿಲ್ಲ.

ರಸ್ತೆ ಗುಂಡಿ ಮುಚ್ಚುವ ಸಣ್ಣ ಗುತ್ತಿಗೆದಾರನೊಬ್ಬನ ಹತ್ತಿರ ಸೇರಿದ್ದೇನೆ. ಅಂದಾಜು ಕಟ್ಟುವ ಕೆಲಸವಲ್ಲ, ಟೇಪು ಹಿಡಿಯುವುದು. ಮನೆ ನನ್ನವಳ ಸಂಬಳದಲ್ಲಿ ನಡೆಯುತ್ತಿದೆ. ಅವಳು ಒಂದು ದಿನವೂ ಹಂಗಿಸಿಲ್ಲ. ನಿಮ್ಮ ಭಾವನ ತಲೆ ಅಳತೆಗೋಲಾ ಎಂಬ ಮಾತನ್ನು ಮತ್ತೆ ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ನೀವು ತಪ್ಪು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಸತ್ಯ ಹೇಳಬೇಕೆಂದರೆ, ನಿಮ್ಮ ಕೈಯಲ್ಲೂ ತಪ್ಪಾಗುತ್ತದೆ ಎಂದು ತಿಳಿದು ಒಂದು ಗಳಿಗೆ ಹಗುರವಾಯಿತು. ಆ ಒಂದು ರಾತ್ರಿ ಸುಮ್ಮನಿದ್ದದ್ದಕ್ಕೂ ಸಿಟ್ಟು ಬಂದು, ಇಳಿದುಹೋಯಿತು. ನನ್ನ ದರವನ್ನು ನಾನೇ ನಂಬಲಿಲ್ಲವಲ್ಲ, ಅದರ ಸಿಟ್ಟು ನನ್ನ ಮೇಲೆಯೇ ಇದೆ, ಇಟ್ಟುಕೊಳ್ಳುತ್ತೇನೆ.

ಬೇರೆ ಒಂದಿದೆ. ಹೋದ ವಾರ ನಿಮ್ಮ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಮೊದಲಿನಿಂದ ಓದಿದೆ. ಕಿಟಕಿಯ ಚೌಕಟ್ಟಿದೆ, ಪಂಪಿದೆ, ಇಟ್ಟಿಗೆ ಸಾಲಿದೆ. ಒಂದರಲ್ಲೂ ನನ್ನನ್ನು ಕೇಳಿದ ಒಂದೇ ಒಂದು ಪ್ರಶ್ನೆಯಿಲ್ಲ. ನಾನು ತೆಳ್ಳಗಾಗಿದ್ದು ಕಂಡಿತು, ಯಾಕೆಂದು ಕೇಳಲಿಲ್ಲ. ನೋಡಲು ಬರುತ್ತೇನೆ ಎಂಬುದನ್ನೂ ಅಡ್ಡಿಯಿಲ್ಲವೆಂದರೆ ಎಂದು ಬರೆದಿರಿ. ಬರಲೇ ಎಂದು ಕೇಳಲಿಲ್ಲ. ಈ ಎರಡು ವರ್ಷದಲ್ಲಿ ನೀವು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ದರವನ್ನು ದೃಢಪಡಿಸುವಿರಾ ಎಂದು. ಅದೂ ಮೇಡಂ ಸಹಿಯಲ್ಲಿ.

ನಿಮ್ಮ ಹೆಂಡತಿ ಹೋದಳು, ಒಪ್ಪಿದೆ. ಬಂದವರೆಲ್ಲ ನಿಮ್ಮ ಕೈ ಹಿಡಿದುಕೊಂಡರು, ನಾನೂ ಹಿಡಿದುಕೊಂಡೆ. ನನ್ನ ಅಕ್ಕನೂ ಹೋದಳು, ಭಾವ. ಅಮ್ಮ ದುಡಿಯಲು ಹೋಗುತ್ತಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಆ ಲೆಕ್ಕ ನಿಮ್ಮ ಯಾವ ಹಾಳೆಯಲ್ಲೂ ಬಂದಿಲ್ಲ.

ಈಗ ಬರಬೇಡಿ. ಬಂದರೆ ನೀವು ಕ್ಷಮೆ ಕೇಳುತ್ತೀರಿ, ಚಿಕ್ಕವನಾದ ನಾನು ಕೊಡಲೇಬೇಕಾಗುತ್ತದೆ, ನೀವು ಸಿಕ್ಕಿತೆಂದು ಗುರುತು ಹಾಕಿಕೊಂಡು ಮನೆಗೆ ಹೋಗುತ್ತೀರಿ.

ಅಳಿಲು

---

ಜುಲೈ ೨೫

ಪ್ರಿಯ ಅಳಿಲು,

ಬರುವುದಿಲ್ಲ. ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಬಿಸಿಲಿನಲ್ಲಿ ರಸ್ತೆಯ ಮೇಲೆ ನಿಲ್ಲುವವನು ತಲೆಗೆ ಏನಾದರೂ ಹಾಕಿಕೊಳ್ಳುತ್ತೀಯಾ? ಟೇಪಿನ ಇನ್ನೊಂದು ತುದಿ ಹಿಡಿಯುವವರು ಯಾರು? ಅವರ ಜೊತೆ ಮಾತು ಹೊಂದುತ್ತದೆಯೇ? ತೆಳ್ಳಗಾದದ್ದು ಯಾಕೆ, ಕಾಯಿಲೆಯೇನಾದರೂ ಬಂದಿತ್ತೇ? ಬಂದಿದ್ದರೆ ಹತ್ತಿರ ಯಾರಿದ್ದರು?

ನಿನ್ನವಳು ಪಾಠ ಹೇಳುವುದು ಯಾವ ತರಗತಿಗೆ? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ನಿನ್ನ ಅಕ್ಕ ಹೊರಗೆ ಹೊರಟಾಗ ಬೀಗ ಹಾಕಿದ ಮೇಲೂ ಒಮ್ಮೆ ಎಳೆದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುತ್ತಿದ್ದಳು. ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ, ಕಾರಣ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಎಂದಾದರೂ ಕಳ್ಳತನವಾಗಿತ್ತೇ? ಅಮ್ಮ ದುಡಿಯಲು ಹೋದಾಗ ನಿಮ್ಮಿಬ್ಬರನ್ನೇ ಒಳಗಿಟ್ಟು ಬೀಗ ಹಾಕುತ್ತಿದ್ದರೇ? ನಿನ್ನನ್ನು ಸೊಂಟದ ಮೇಲೆ ಹೊತ್ತಾಗ ಅವಳಿಗೆ ಎಷ್ಟು ವಯಸ್ಸು? ನೀನು ಅತ್ತರೆ ಅವಳು ಏನು ಹೇಳಿ ಸಮಾಧಾನ ಮಾಡುತ್ತಿದ್ದಳು?

ಅವಳು ಹೋದ ದಿನ ನೀನು ಹಿತ್ತಲ ಬಾಗಿಲ ಬಳಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ನಾನು ಕಂಡೂ ಬೇರೆ ಕಡೆಗೆ ನಡೆದೆ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ? ಯಾರಾದರೂ ಬಂದರೇ?

ಅವಳಿಲ್ಲದ ಮೇಲೆ ನಿನಗೆ ಹೇಗಿದೆ?

ಭಾವ